ಬಾಟಾ ಅಂಗಡಿಯ ಲೆಕ್ಕದ ಪುಸ್ತಕ



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಚಪ್ಪಲಿ ಅಂಗಡಿಯ ಬಗ್ಗೆ ಮಾತನಾಡಲು ನಿಂತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನಗಿ, ಪರವಾಗಿಲ್ಲ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಪಾಠದ ನಡುವೆ "ಬಾಟಾ ಯಾವ ದೇಶದ ಕಂಪನಿ?" ಎಂದು ಕೇಳಿದೆ. "ನಮ್ಮ ದೇಶದ್ದೇ ಸರ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಟಾಟಾ ಅವರ ತಮ್ಮ ಸರ್" ಎಂದ. ಎಲ್ಲರೂ ನಕ್ಕರು. ಆದರೆ ಸರಿಯಾದ ಉತ್ತರ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ವಿದ್ಯಾರ್ಥಿ ದಿನಗಳಲ್ಲಿ ನನಗೂ ಗೊತ್ತಿರಲಿಲ್ಲ. ಜೂನ್ ತಿಂಗಳು ಬಂದರೆ ಸಮವಸ್ತ್ರದ ಜೊತೆಗೆ ಕಪ್ಪು ಷೂ, ಆಟದ ಪೀರಿಯಡ್ಡಿಗೆ ಬಿಳಿ ಕ್ಯಾನ್ವಾಸ್ ಷೂ ಬೇಕು. ಅದನ್ನು ಕೊಡಿಸಲು ಅಬ್ಬಾ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದರು. ಬಾಟಾ ಎಂಬ ಹೆಸರು ನಮ್ಮ ಬಾಯಿಗೆ ಅಷ್ಟು ಒಗ್ಗಿಹೋಗಿದೆ ಎಂದರೆ ಅದು ಪರದೇಶದ ಒಂದು ಮನೆತನದ ಹೆಸರು ಎಂಬುದೇ ಮರೆತುಹೋಗಿದೆ.

ಹೆಸರಿನ ವಿಷಯ ಬಂತಲ್ಲ, ಭಾಷೆಯ ಮೇಷ್ಟ್ರಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರ ಚೆಕ್ ಭಾಷೆಯಲ್ಲಿ ಆ ಹೆಸರನ್ನು "ಬಾಟಾ" ಎಂದು ಉಚ್ಚರಿಸುವುದಿಲ್ಲ. "ಬತ್ಯ" ಎಂಬುದಕ್ಕೆ ಹತ್ತಿರವಾದ ಒಂದು ಮೃದುವಾದ ಶಬ್ದ ಅದು. ನಮ್ಮ ದೇಶಕ್ಕೆ ಬಂದು ಗಟ್ಟಿ "ಟ"ಕಾರವಾಯಿತು. ಪರಭಾಷೆಯ ಹೆಸರು ನಮ್ಮ ಬೀದಿಯಲ್ಲಿ ನಾಲ್ಕು ದಿನ ಓಡಾಡಿದರೆ ಹೀಗೆಯೇ ಆಗುತ್ತದೆ.

ಇನ್ನು ಆ ಊರಿಗೆ ಹೋಗೋಣ. ಊರಿನ ಹೆಸರು ಜ್ಲೀನ್. ಇಂದಿನ ಚೆಕ್ ಗಣರಾಜ್ಯದ ಪೂರ್ವಭಾಗದಲ್ಲಿರುವ ಮೊರಾವಿಯಾ ಪ್ರಾಂತದಲ್ಲಿದೆ. 1894ರಲ್ಲಿ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ, ಸುಮಾರು ಮೂರು ಸಾವಿರ ಜನರಿದ್ದ ಒಂದು ಪುಟ್ಟ ಪೇಟೆ. ನಮ್ಮ ಹೋಬಳಿ ಊರುಗಳಷ್ಟು ಎಂದುಕೊಳ್ಳಿ. ಬಾಟಾ ಮನೆತನದವರು ತಲೆತಲಾಂತರದಿಂದ ಜೋಡು ಹೊಲಿಯುತ್ತಿದ್ದವರು. ಆ ವರ್ಷ ಆಗಸ್ಟ್ 24ರಂದು ಆ ಮನೆಯ ಮೂವರು ಮಕ್ಕಳು, ಆಂಟೊನಿನ್, ಆನ್ನಾ ಮತ್ತು ತೋಮಾಶ್, ತೀರಿಹೋದ ತಾಯಿಯ ಪಾಲಿನಿಂದ ಬಂದ 800 ಗುಲ್ಡನ್ ಹಣದಿಂದ ತಮ್ಮದೇ ಆದ ಕಸುಬಿನ ಮನೆ ತೆರೆದರು. ಆಗ ತೋಮಾಶನಿಗೆ 18 ವರ್ಷ. ಹತ್ತು ಜನ ಕೆಲಸಗಾರರು. ಅಂದಿನ ಮೋಚಿಗಳಲ್ಲಿ ಕೆಲಸ ಬಂದಾಗ ದುಡಿಮೆ, ಇಲ್ಲದಾಗ ಇಲ್ಲ ಎಂಬ ಪದ್ಧತಿ ಇತ್ತು. ಇವರು ಮಾತ್ರ ದಿನಕ್ಕೆ ಇಷ್ಟು ಗಂಟೆ, ವಾರಕ್ಕೆ ಇಷ್ಟು ಸಂಬಳ ಎಂದು ನಿಗದಿ ಮಾಡಿದರು.

ಒಂದು ವರ್ಷ ಕಳೆಯುವುದರೊಳಗೆ ಅಂಗಡಿ ಮುಳುಗುವ ಸ್ಥಿತಿಗೆ ಬಂತು. ನಿಮ್ಮಲ್ಲಿ ಅಂಗಡಿ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಂಡಿ ಬರೆದುಕೊಟ್ಟು ತೊಗಲು ತಂದಿದ್ದರು. ಹುಂಡಿಯ ಗಡುವು ಯಾರಿಗೂ ಕಾಯುವುದಿಲ್ಲ. ಕೈಯಲ್ಲಿದ್ದ ಮೂಲಧನ ಕರಗಿತು, ಅದರ ಹಲವು ಪಟ್ಟು ಸಾಲ ತಲೆಯ ಮೇಲೆ ಕೂತಿತು. ಅಷ್ಟರಲ್ಲಿ ಅಣ್ಣ ಆಂಟೊನಿನ್ ಸೈನ್ಯಕ್ಕೆ ಹೋಗಬೇಕಾಯಿತು. ಹತ್ತೊಂಬತ್ತರ ಹುಡುಗ ಸಾಲಗಾರರ ಮುಂದೆ ಒಬ್ಬನೇ ನಿಂತ.

ತೊಗಲು ಕೊಳ್ಳಲು ದುಡ್ಡಿಲ್ಲ, ಆದ್ದರಿಂದ ಕ್ಯಾನ್ವಾಸ್ ಬಟ್ಟೆಯಲ್ಲಿ ಷೂ ಹೊಲಿಸಿದ. ಹಗುರ, ಅಗ್ಗ, ಕೂಲಿಕಾರನಿಗೂ ಎಟಕುವ ಬೆಲೆ. ಅದೇ ಅವನನ್ನು ಉಳಿಸಿತು. ಸಾಲ ತೀರಿತು, ಕೆಲಸಗಾರರು ಐವತ್ತಾದರು. ನಮ್ಮ ಮಕ್ಕಳು ಸುಣ್ಣ ಬಳಿದು ಬಿಸಿಲಿಗಿಟ್ಟು ಒಣಗಿಸುವ ಬಿಳಿ ಕ್ಯಾನ್ವಾಸ್ ಷೂ ಇದೆಯಲ್ಲ, ಅದನ್ನು ಕಂಡಾಗಲೆಲ್ಲ ನನಗೆ ಆ ಹುಡುಗನ ಹುಂಡಿಗಳು ನೆನಪಾಗುತ್ತವೆ.

ಈ ಪೆಟ್ಟಿನಿಂದ ತೋಮಾಶ್ ಕಲಿತದ್ದು ಲೆಕ್ಕ. ಅವನ ಮುಂದಿನ ಕಥೆಯೆಲ್ಲ ಲೆಕ್ಕದ ಪುಸ್ತಕದ ಕಥೆಯೇ.

1904ರಲ್ಲಿ ಅವನು ಮೂವರು ಕೆಲಸಗಾರರನ್ನು ಕರೆದುಕೊಂಡು ಅಮೆರಿಕೆಗೆ ಹೋದ. ಬಾಸ್ಟನ್ ಸಮೀಪದ ಲಿನ್ ಎಂಬ ಊರು ಆಗ ಷೂ ಕಾರ್ಖಾನೆಗಳಿಗೆ ಪ್ರಸಿದ್ಧ. ಅಲ್ಲಿ ಯಜಮಾನನಾಗಿ ಸುತ್ತಾಡಿ ನೋಡಿ ಬರಲಿಲ್ಲ, ಸಾಮಾನ್ಯ ಕೂಲಿಯಾಗಿ ಸೇರಿ ಆರು ತಿಂಗಳು ಯಂತ್ರದ ಮುಂದೆ ನಿಂತು ಕಲಿತು ಬಂದ. ಅಣ್ಣ ಆಂಟೊನಿನ್ 1908ರಲ್ಲಿ ತೀರಿಕೊಂಡ. 1912ರ ಹೊತ್ತಿಗೆ ಕಾರ್ಖಾನೆಯಲ್ಲಿ 600 ಜನ, ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಕೂತು ಹೊಲಿಯುವವರು ಇನ್ನೂ ನೂರಾರು. 1914ರಲ್ಲಿ ಮಹಾಯುದ್ಧ ಶುರುವಾದಾಗ ವಿಯೆನ್ನಾಗೆ ಓಡಿ 50,000 ಜೊತೆ ಸೈನಿಕ ಬೂಟುಗಳ ಆರ್ಡರ್ ಹಿಡಿದು ತಂದ. ಅದರಿಂದ ಅವನ ಕೆಲಸಗಾರರು ಯುದ್ಧರಂಗಕ್ಕೆ ಹೋಗುವುದು ತಪ್ಪಿತು. ಅವನು ದೊಡ್ಡ ಸಾಹುಕಾರನಾದದ್ದೂ ಆ ಯುದ್ಧದಿಂದಲೇ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತು. 1922ರಲ್ಲಿ ಆ ದೇಶದ ನಾಣ್ಯದ ಮೌಲ್ಯ ಒಮ್ಮೆಲೇ ಏರಿ, ಹೊರದೇಶದವರಿಗೆ ಅಲ್ಲಿಯ ಮಾಲು ದುಬಾರಿಯಾಗಿ, ರಫ್ತು ನಿಂತಿತು. ಗೋದಾಮು ತುಂಬಿತು. ಬೇರೆ ಕಾರ್ಖಾನೆಗಳು ಕೆಲಸಗಾರರನ್ನು ಮನೆಗೆ ಕಳಿಸಿ ಬಾಗಿಲು ಹಾಕುತ್ತಿದ್ದವು. ಬಾಟಾ ತನ್ನ ಷೂಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಬೆಲೆಯೇರಿಕೆಯನ್ನು ಒಂದು ಮುಷ್ಟಿ ಗುದ್ದಿ ಪುಡಿ ಮಾಡುವ ಚಿತ್ರವನ್ನು ಊರೂರ ಗೋಡೆಗಳಿಗೆ ಅಂಟಿಸಿದ. ಬೆಲೆ ಇಳಿಸುವುದು ಗೋಡೆಯ ಮೇಲೆ ಸುಲಭ, ಲೆಕ್ಕದಲ್ಲಿ ಸುಲಭವಲ್ಲ. ಕೆಲಸಗಾರರ ಕೂಲಿಯಲ್ಲಿ ಶೇಕಡಾ 40 ಕಡಿತವಾಯಿತು. ಅದಕ್ಕೆ ಬದಲಾಗಿ ದವಸ, ಬಟ್ಟೆ ಮತ್ತು ಮನೆಗೆ ಬೇಕಾದ ಸಾಮಾನನ್ನು ಅರ್ಧ ಬೆಲೆಗೆ ಕೊಡುವ ಹೊಣೆಯನ್ನು ಅವನು ಹೊತ್ತ. ಜನ ಅಂಗಡಿಗಳ ಮುಂದೆ ಸಾಲು ನಿಂತರು. ಮರುವರ್ಷ, 1923ರಲ್ಲಿ, ಅವನು ಊರಿನ ಮೇಯರ್ ಆಗಿ ಆರಿಸಿಬಂದ.

ಪಾಲಕರೇ, ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದರ ನಂತರದ್ದು. 1924ರಿಂದ ಅವನು ಕಾರ್ಖಾನೆಯನ್ನು ಲೆಕ್ಕದ ದೃಷ್ಟಿಯಿಂದ ತುಂಡು ತುಂಡು ಮಾಡಿದ. ಅಟ್ಟೆ ಕತ್ತರಿಸುವ ವಿಭಾಗವೇ ಬೇರೆ, ಮೇಲ್ಭಾಗ ಹೊಲಿಯುವ ವಿಭಾಗವೇ ಬೇರೆ. ಒಂದು ವಿಭಾಗ ಇನ್ನೊಂದರಿಂದ ಮಾಲನ್ನು ಗೊತ್ತಾದ ಬೆಲೆಗೆ "ಕೊಳ್ಳಬೇಕು", ಮುಂದಿನದಕ್ಕೆ "ಮಾರಬೇಕು". ಪ್ರತಿ ವಾರ ಪ್ರತಿ ವಿಭಾಗದ ಲಾಭ-ನಷ್ಟ ಅಲ್ಲಿ ದುಡಿಯುವವನಿಗೇ ಗೊತ್ತಾಗಬೇಕು. ಲಾಭ ಬಂದರೆ ಅವನಿಗೆ ಪಾಲು. ಆ ಪಾಲಿನಲ್ಲಿ ಅರ್ಧ ಕೈಗೆ, ಉಳಿದರ್ಧ ಕಂಪನಿಯಲ್ಲೇ ಅವನ ಹೆಸರಿನ ಖಾತೆಗೆ, ಶೇಕಡಾ 10 ಬಡ್ಡಿಯೊಂದಿಗೆ. ನಮ್ಮ ಎಷ್ಟೋ ಅಂಗಡಿಗಳಲ್ಲಿ ಇಪ್ಪತ್ತು ವರ್ಷ ಗಲ್ಲೆಯ ಪಕ್ಕದಲ್ಲೇ ನಿಂತ ಸ್ವಂತ ಮಗನಿಗೂ ರೋಕಡಿ ಪುಸ್ತಕ ತೋರಿಸುವುದಿಲ್ಲ. ಅಲ್ಲಿ ಕೂಲಿಯವನಿಗೂ ತನ್ನ ಕೆಲಸದ ಲೆಕ್ಕ ತೆರೆದಿತ್ತು.

1925ರಲ್ಲಿ ಒಂದು ಶಾಲೆ ತೆರೆದ. ಅದನ್ನು "ಬಾಟಾ ದುಡಿಮೆಯ ಶಾಲೆ" ಎನ್ನಬಹುದು. ಹದಿನಾಲ್ಕು ವರ್ಷದ ಹಳ್ಳಿ ಹುಡುಗರನ್ನು ಆರಿಸಿ ತಂದು ವಸತಿಯಲ್ಲಿಟ್ಟುಕೊಳ್ಳುತ್ತಿದ್ದರು. ಹಗಲು ಕಾರ್ಖಾನೆಯಲ್ಲಿ ದುಡಿಮೆ, ಸಂಜೆ ಪಾಠ. ಪರಭಾಷೆಗಳನ್ನೂ ಕಲಿಯಬೇಕು. ಸಿಕ್ಕ ಸಂಬಳದಲ್ಲಿ ತನ್ನ ಊಟ, ವಸತಿ, ಬಟ್ಟೆಯ ಖರ್ಚು ತಾನೇ ನಿಭಾಯಿಸಬೇಕು, ಉಳಿತಾಯ ಮಾಡಬೇಕು, ಖರ್ಚಿನ ಲೆಕ್ಕ ಬರೆದಿಡಬೇಕು. ಶಿಕ್ಷಕನಾಗಿ ನನಗೆ ಇದರಲ್ಲಿ ಒಪ್ಪಿಗೆಯಾಗದ್ದೂ ಇದೆ. ಹದಿನಾಲ್ಕರ ಮಗು ಇಡೀ ದಿನ ದುಡಿದು ಸಂಜೆ ಪುಸ್ತಕ ಹಿಡಿಯುವುದು ಕಣ್ಣೀರಿನ ಮಾತು. ಇಂದು ನಮ್ಮ ಕಾನೂನು ಆ ವಯಸ್ಸಿನವರೆಗೆ ಶಾಲೆಯನ್ನು ಮಗುವಿನ ಹಕ್ಕು ಎನ್ನುತ್ತದೆ, ಅದೇ ಸರಿ. ಆದರೆ ಅಂಗಡಿಯಲ್ಲಿ ಕೂರುವ ಹುಡುಗನಿಗೆ ಓದು ಯಾಕೆ ಎಂದು ಕೇಳುವವರು ಒಂದನ್ನು ಗಮನಿಸಬೇಕು. ಷೂ ಮಾರಿ ಶ್ರೀಮಂತನಾದ ಆ ಮನುಷ್ಯ ಷೂ ಹೊಲಿಯುವ ಹುಡುಗರಿಗೆ ಓದು ಬೇಕೇಬೇಕು ಎಂದು ಸ್ವಂತ ಹಣ ಸುರಿದ. ಆ ಶಾಲೆಯಲ್ಲಿ ಕಲಿತವರೇ ಮುಂದೆ ದೇಶದೇಶಗಳಿಗೆ ಹೋಗಿ ಅವನ ಅಂಗಡಿ, ಕಾರ್ಖಾನೆಗಳನ್ನು ನಡೆಸಿದರು.

ಅಂಗಡಿಗಳೂ ಹಾಗೆಯೇ. ಅವನ ಅಂಗಡಿಯಲ್ಲಿ ಷೂ ಮಾರಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಹರಿದದ್ದನ್ನು ರಿಪೇರಿ ಮಾಡಿಕೊಡುತ್ತಿದ್ದರು, ಕಾಲುಚೀಲ ಮಾರುತ್ತಿದ್ದರು, ಗಿರಾಕಿಯ ಪಾದಕ್ಕೆ ಆಣಿ, ಬಿರುಕು ಇದ್ದರೆ ಆರೈಕೆ ಮಾಡುವವರೂ ಅಲ್ಲೇ ಇರುತ್ತಿದ್ದರು. ಬೆಲೆಯ ಕೊನೆಗೆ 9 ಬರುವಂತೆ ಇಡುವ ಪದ್ಧತಿಯನ್ನು ಆ ದೇಶದಲ್ಲಿ ಇಂದಿಗೂ "ಬಾಟಾ ಬೆಲೆ" ಎಂದೇ ಕರೆಯುತ್ತಾರೆ. ನಮ್ಮಲ್ಲೂ 99 ರೂಪಾಯಿ 95 ಪೈಸೆ ಎಂಬ ಚೀಟಿ ನೋಡಿ, ಉಳಿದ ಐದು ಪೈಸೆಗಾಗಿ ಕಾದ ಹಿರಿಯರು ಈ ಸಭೆಯಲ್ಲೇ ಇರಬೇಕು.

ಇದನ್ನೆಲ್ಲ ಕೇಳಿ ಅವನನ್ನು ಸಂತನೆಂದು ಭಾವಿಸಬೇಡಿ. ಕಾರ್ಮಿಕ ಸಂಘಗಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಕೆಲಸಗಾರ ಮನೆಯಲ್ಲಿ ಹೇಗೆ ಬದುಕುತ್ತಾನೆ ಎಂಬುದರ ಮೇಲೂ ಕಂಪನಿಯ ಕಣ್ಣಿತ್ತು. ಅವನ ಅಗ್ಗದ ಷೂ ಹೋದಲ್ಲೆಲ್ಲ ಊರಿನ ಮೋಚಿಯ ಒಲೆ ಆರಿತು. ಯುರೋಪಿನ ಅನೇಕ ದೇಶಗಳಲ್ಲಿ ಸಣ್ಣ ಕಸುಬುದಾರರು ಅವನ ವಿರುದ್ಧ ಎದ್ದರು. ಫ್ರಾನ್ಸ್ 1936ರಲ್ಲಿ ಹೊಸ ಷೂ ಕಾರ್ಖಾನೆಗಳನ್ನು ತೆರೆಯದಂತೆ ಕಾನೂನನ್ನೇ ತಂದಿತು. ಮೋಚಿಯ ಮಗನೇ ಮೋಚಿಗಳಿಗೆ ಎದುರಾಳಿಯಾದ.

ಅವನು ನಮ್ಮ ದೇಶಕ್ಕೂ ಬಂದಿದ್ದ. 1931ರ ಕೊನೆಯಲ್ಲಿ ತನ್ನ ವಿಮಾನದಲ್ಲಿ ಹೊರಟು ಪೂರ್ವದೇಶಗಳನ್ನು ಸುತ್ತುವಾಗ ಭಾರತವನ್ನೂ ನೋಡಿದ. ಬರಿಗಾಲಿನ ನಾಡಿಗೆ ಹೋದ ಇಬ್ಬರು ಮಾರಾಟಗಾರರ ಕಥೆಯನ್ನು ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಅದು ಹತ್ತಾರು ಹೆಸರುಗಳಲ್ಲಿ ತಿರುಗುವ ಕಥೆ, ಅದನ್ನು ಇಲ್ಲಿ ಬಿಟ್ಟುಬಿಡೋಣ. 1931ರಲ್ಲಿ ಕಂಪನಿ ಇಲ್ಲಿ ನೋಂದಣಿಯಾಯಿತು. 1932ರಲ್ಲಿ ಕಲ್ಕತ್ತಾ ಹತ್ತಿರದ ಕೊನ್ನಗರದಲ್ಲಿ ಸಣ್ಣದಾಗಿ ಕೆಲಸ ಶುರುವಾಯಿತು. 1934ರ ಜನವರಿಯಲ್ಲಿ ಹೂಗ್ಲಿ ನದಿಯ ದಡದಲ್ಲಿ ಹೊಸ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಊರೇ ಬಾಟಾನಗರ. ಜ್ಲೀನ್‌ನಿಂದ ಬಂದ ಕುಟುಂಬಗಳು ಅಲ್ಲಿ ನೆಲೆಸಿ ಬಂಗಾಳದ, ಬಿಹಾರದ ಕೆಲಸಗಾರರಿಗೆ ಯಂತ್ರ ಕಲಿಸಿದವು.

ಬಾಟಾನಗರವನ್ನು ನೋಡಲು ತೋಮಾಶ್ ಇರಲಿಲ್ಲ. 1932ರ ಜುಲೈ 12ರ ಬೆಳಿಗ್ಗೆ ದಟ್ಟ ಮಂಜು. ಸ್ವಿಟ್ಜರ್ಲೆಂಡಿಗೆ ಹೊರಟಿದ್ದ ಅವನ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ಊರ ಸಮೀಪ ಕೆಳಗೆ ಬಿತ್ತು. ಅವನೂ ಪೈಲಟ್ಟೂ ಸತ್ತರು. ಅವನಿಗೆ 56 ವರ್ಷ. ಒಬ್ಬನೇ ಮಗನಿಗೆ, ಅವನ ಹೆಸರೂ ತೋಮಾಶ್, ಆಗ 17.

ಇಲ್ಲಿಂದ ಕಥೆ ನಮ್ಮ ಪೇಟೆ ಬೀದಿಯ ಕಥೆಯ ಹಾಗೆಯೇ ಆಗುತ್ತದೆ. ಪ್ರತಿ ವಿಭಾಗದ ಲೆಕ್ಕವನ್ನು ವಾರವಾರ ಬರೆಸಿದ ಮನುಷ್ಯ, ತನ್ನ ನಂತರ ಅಂಗಡಿ ಯಾರದ್ದು ಎಂಬ ಒಂದು ಲೆಕ್ಕವನ್ನು ಮಾತ್ರ ಎಲ್ಲರೆದುರು ಬಿಚ್ಚಿಡಲಿಲ್ಲ. ಅವನು ತೀರಿಕೊಂಡ ಮೇಲೆ ಕಾಗದಪತ್ರಗಳನ್ನು ತೆರೆದಾಗ, ತಂದೆಯ ಎರಡನೇ ಹೆಂಡತಿಯ ಮಗನಾದ ತಮ್ಮ ಯಾನ್ ಆಂಟೊನಿನ್‌ಗೆ ವ್ಯವಹಾರವನ್ನು ಮಾರಿದ್ದಾನೆ ಎಂಬ ಪತ್ರ ಹೊರಬಂತು. ಹೆಂಡತಿಗೂ ಮಗನಿಗೂ ಹಣ, ಅಂಗಡಿ ತಮ್ಮನಿಗೆ. ಆಗ ಯಾರೂ ದನಿ ಎತ್ತಲಿಲ್ಲ. ಯಾನ್ ಸಮರ್ಥನೇ ಇದ್ದ. ಜಗತ್ತೆಲ್ಲ ವ್ಯಾಪಾರ ಕುಸಿದಿದ್ದ ಆ ವರ್ಷಗಳಲ್ಲೂ ಕಂಪನಿಯನ್ನು ಹಲವು ಪಟ್ಟು ಬೆಳೆಸಿದ. ಬಾಟಾನಗರ ಕಟ್ಟಿದ್ದು ಅವನ ಕಾಲದಲ್ಲೇ. ಆದರೆ ಯುದ್ಧ ಬಂದು ಮನೆತನ ಚದುರಿದಾಗ ಪ್ರಶ್ನೆ ಎದ್ದಿತು. ಹೊರದೇಶಗಳ ಷೇರುಗಳು ಯಾರವು? ಕೊಂಡ ಚಿಕ್ಕಪ್ಪನವೋ, ವಾರಸುದಾರನಾದ ಮಗನವೋ?

ನಮ್ಮ ತಾಲ್ಲೂಕು ಪೇಟೆಗಳಲ್ಲಿ ಒಂದೇ ಹೆಸರಿನ ಎರಡು ಅಂಗಡಿಗಳು ಅಕ್ಕಪಕ್ಕದಲ್ಲೇ ಇರುವುದನ್ನು ನೀವು ಕಂಡಿರುತ್ತೀರಿ. ಒಂದಕ್ಕೆ ಹಳೆಯ ಹೆಸರು, ಇನ್ನೊಂದಕ್ಕೆ ಅದೇ ಹೆಸರಿನ ಹಿಂದೆ "ನ್ಯೂ". ನಡುವೆ ಒಂದು ಇಟ್ಟಿಗೆ ಗೋಡೆ. ಆ ಗೋಡೆಯ ಎರಡೂ ಬದಿಯ ಮಕ್ಕಳು ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತದ್ದುಂಟು. ಹಬ್ಬದ ದಿನವೂ ಅವರ ಮನೆಗಳ ನಡುವೆ ಹೋಗಿಬರುವುದಿರಲಿಲ್ಲ.

ಜ್ಲೀನ್‌ಗೆ ಮರಳುತ್ತೇನೆ. ಈ ಕುಟುಂಬದ ಜಗಳಕ್ಕಿಂತ ದೊಡ್ಡ ಕೇಡು ಆಗ ಯುರೋಪಿನ ಮೇಲೆ ಕವಿಯುತ್ತಿತ್ತು. 1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆ ನಾಡನ್ನು ಆಕ್ರಮಿಸಿತು. ಕಂಪನಿಯಲ್ಲಿ ಯಹೂದಿ ಸಿಬ್ಬಂದಿ ಅನೇಕರಿದ್ದರು. ಅವರಲ್ಲಿ ನೂರಾರು ಜನರನ್ನು ಕಂಪನಿ ಹೊರದೇಶದ ಶಾಖೆಗಳಿಗೆ ವರ್ಗ ಮಾಡಿತು. ವರ್ಗಾವಣೆ ಎಂಬ ಒಣ ಕಚೇರಿ ಪದ ಅಂದು ಜೀವ ಉಳಿಸುವ ಪದವಾಯಿತು. ಕಂಪನಿಯ ಆಸ್ಪತ್ರೆಯ ವೈದ್ಯ ಯೂಜೆನ್ ಸ್ಟ್ರಾಸ್ಲರ್ ಹೆಂಡತಿ ಮಾರ್ತಾ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ಸಿಂಗಪುರಕ್ಕೆ ಹೋದ. ಮೂರು ವರ್ಷಗಳಲ್ಲಿ ಅಲ್ಲಿಗೆ ಜಪಾನೀಯರು ಬಂದರು. ತಾಯಿ-ಮಕ್ಕಳು ಮೊದಲು ಹಡಗು ಹತ್ತಿದರು. ನಂತರ ಹೊರಟ ವೈದ್ಯ 1942ರಲ್ಲಿ ದಾರಿಯಲ್ಲೇ ಸತ್ತ.

ಆ ಹಡಗು ತಾಯಿ-ಮಕ್ಕಳನ್ನು ತಂದು ಮುಟ್ಟಿಸಿದ್ದು ಭಾರತಕ್ಕೆ. ಗಂಡ ಏನಾದನೆಂದು ತಿಳಿಯದ, ಭಾಷೆ ಬಾರದ ಆ ಹೆಣ್ಣುಮಗಳು ಡಾರ್ಜಿಲಿಂಗಿನಲ್ಲಿ ಒಂದು ಬಾಟಾ ಅಂಗಡಿಯ ಮ್ಯಾನೇಜರ್ ಆದಳು. ಮಕ್ಕಳು ಅಲ್ಲಿಯ ಶಾಲೆಗೆ ಹೋದರು. ಕಿರಿಯ ಮಗ ಟೋಮಾಶ್ ಮುಂದೆ ಮಲತಂದೆಯ ಹೆಸರಿನಿಂದ ಇಂಗ್ಲಿಷ್ ರಂಗಭೂಮಿಯ ಪ್ರಸಿದ್ಧ ನಾಟಕಕಾರ ಟಾಮ್ ಸ್ಟಾಪರ್ಡ್ ಆದ. ಅವನ ಅಜ್ಜ-ಅಜ್ಜಿಯರು ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತರು. ಬೆಟ್ಟದ ಮೇಲಿನ ಒಂದು ಚಪ್ಪಲಿ ಅಂಗಡಿಯ ಸಂಬಳದಿಂದ ಈ ಇಬ್ಬರು ಮಕ್ಕಳು ಬೆಳೆದರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮಗ ತೋಮಾಶ್ 1939ರಲ್ಲಿ ಕೆನಡಾಕ್ಕೆ ಹೋಗಿ ಬಾಟಾವಾ ಎಂಬ ಊರು ಕಟ್ಟಿದ. ಚಿಕ್ಕಪ್ಪ ಯಾನ್ ಅಮೆರಿಕೆಗೆ ಹೋಗಿ, ಅಲ್ಲಿಂದ ಬ್ರೆಜಿಲ್‌ನಲ್ಲಿ ನೆಲೆಸಿ ಅಲ್ಲೂ ಊರುಗಳನ್ನು ಕಟ್ಟಿದ. 1945ರಲ್ಲಿ ಸರ್ಕಾರ ಜ್ಲೀನ್‌ನ ಕಾರ್ಖಾನೆಯನ್ನು ರಾಷ್ಟ್ರೀಕರಣ ಮಾಡಿತು. ಪ್ರತಿರೋಧ ಚಳವಳಿಯನ್ನು ಬೆಂಬಲಿಸಲಿಲ್ಲವೆಂದು 1947ರಲ್ಲಿ ಯಾನ್‌ಗೆ, ಅವನು ಎದುರಿಗಿಲ್ಲದೆಯೇ, ಹದಿನೈದು ವರ್ಷಗಳ ಶಿಕ್ಷೆ ವಿಧಿಸಲಾಯಿತು. 1949ರಲ್ಲಿ ಊರಿನ ಹೆಸರನ್ನೇ ಗೊಟ್ವಾಲ್ಡೊವ್ ಎಂದು ಬದಲಾಯಿಸಿದರು. ಕಮ್ಯುನಿಸ್ಟ್ ನಾಯಕನೊಬ್ಬನ ಹೆಸರು ಅದು. ಚಿಕ್ಕಪ್ಪ-ಮಗನ ವ್ಯಾಜ್ಯ ಹಲವು ದೇಶಗಳ ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆಯಿತು. 1962ರಲ್ಲಿ ಯಾನ್ ತನ್ನ ಹಕ್ಕು ಬಿಟ್ಟುಕೊಟ್ಟ. 1965ರಲ್ಲಿ ಬ್ರೆಜಿಲ್‌ನಲ್ಲಿ ತೀರಿಕೊಂಡ. ಅವನ ಮೇಲಿನ ತೀರ್ಪನ್ನು ಪ್ರಾಗ್ ನ್ಯಾಯಾಲಯ ರದ್ದು ಮಾಡಿದ್ದು 2007ರಲ್ಲಿ, ಅವನು ಸತ್ತ 42 ವರ್ಷಗಳ ಮೇಲೆ.

ಮಗ ತೋಮಾಶ್ ಜ್ಲೀನ್‌ಗೆ ಮರಳಿ ಬಂದದ್ದು 1989ರ ಡಿಸೆಂಬರ್‌ನಲ್ಲಿ, ಕಮ್ಯುನಿಸ್ಟ್ ಸರ್ಕಾರ ಬಿದ್ದ ಕೆಲವೇ ವಾರಗಳಲ್ಲಿ. ಅವನಿಗಾಗ 75 ವರ್ಷ. ಊರಿನ ಚೌಕ ಜನರಿಂದ ಕಿಕ್ಕಿರಿದಿತ್ತು. ಮರುವರ್ಷ ಊರಿಗೆ ಹಳೆಯ ಹೆಸರು ಬಂತು. ಅವನು 2008ರಲ್ಲಿ ಟೊರಾಂಟೊದಲ್ಲಿ ತೀರಿಕೊಂಡ.

ಜ್ಲೀನ್‌ನಲ್ಲಿ 1938ರಲ್ಲಿ ಮುಗಿದ, 77 ಮೀಟರ್ ಎತ್ತರದ ಒಂದು ಕಟ್ಟಡ ಇದೆ. 21 ಎಂಬ ಸಂಖ್ಯೆಯೇ ಅದರ ಹೆಸರು. ಅದರೊಳಗೆ ಯಾನ್ ಒಂದು ವಿಚಿತ್ರ ಮಾಡಿಸಿದ್ದ. ಅವನ ಕಚೇರಿಯೇ ಲಿಫ್ಟು. ಆರು ಮೀಟರ್ ಉದ್ದಗಲದ ಕೋಣೆಯಲ್ಲಿ ಮೇಜು, ಫೋನು, ಕೈ ತೊಳೆಯುವ ನಲ್ಲಿ. ಯಜಮಾನ ಕುರ್ಚಿಯಿಂದ ಏಳದೆ ಯಾವ ಮಹಡಿಗೆ ಬೇಕಾದರೂ ಹೋಗಿ ಅಲ್ಲಿಯವರ ಲೆಕ್ಕ ಕೇಳಬಹುದು. ಕಟ್ಟಡ ಮುಗಿದ ಮರುವರ್ಷವೇ ಅವನು ದೇಶ ಬಿಟ್ಟ. ಆ ಕೋಣೆ ಇಂದಿಗೂ ಮೇಲೆ ಕೆಳಗೆ ಓಡಾಡುತ್ತದೆ, ಪ್ರವಾಸಿಗರು ಹತ್ತಿ ನೋಡುತ್ತಾರೆ. ಅದೇ ಕಟ್ಟಡದಲ್ಲಿ ಪ್ರಾಂತ ಸರ್ಕಾರದ ಕಚೇರಿಯ ಜೊತೆಗೆ ತೆರಿಗೆ ಇಲಾಖೆಯ ಕಚೇರಿಯೂ ಇದೆ. ಊರಿನ ಅಂಗಡಿಯವರು ತಮ್ಮ ಲೆಕ್ಕ ತೆಗೆದುಕೊಂಡು ಈಗಲೂ ಅಲ್ಲಿಗೇ ಹೋಗುತ್ತಾರೆ.